ತಮಟೆಗೂ ವೇದಿಕೆ ಕೊಡಿ!

ಕನ್ನಡದ ಯುವ ಮಿತ್ರರೇ,

2024ರಲ್ಲಿ ಬಿಯಾನ್ಸೆಯ 'ಕೌಬಾಯ್ ಕಾರ್ಟರ್' ಆಲ್ಬಂ ಬಂದಾಗ ನಿಮ್ಮ ಕಿವಿಯಲ್ಲೆಲ್ಲ ಅಮೆರಿಕದ ಹಳ್ಳಿ ಸಂಗೀತ! ಕೇಳಿ, ತಪ್ಪಿಲ್ಲ. ಆದರೆ ಅದರ ಒಳಗುಟ್ಟನ್ನೂ ತಿಳಿಯಿರಿ. ಆ 'ಕಂಟ್ರಿ' ಸಂಗೀತದ ಬ್ಯಾಂಜೋ ವಾದ್ಯದ ಮೂಲ ಆಫ್ರಿಕಾ. ಗುಲಾಮರಾಗಿ ಬಂದ ಕಪ್ಪು ಜನರ ವಾದ್ಯವನ್ನು ಒಳಗೆ ಕರೆದುಕೊಂಡರು, ಆ ಜನರನ್ನು ಮಾತ್ರ ಹೊಸ್ತಿಲಾಚೆ ನಿಲ್ಲಿಸಿದರು. ಬಿಯಾನ್ಸೆ ಆ ಹೊಸ್ತಿಲು ದಾಟಿದರು. 2025ರಲ್ಲಿ 'ವರ್ಷದ ಆಲ್ಬಂ' ಗ್ರ್ಯಾಮಿ ಪ್ರಶಸ್ತಿಯೂ ಅವರದಾಯಿತು.

ಈಗ ನಮ್ಮ ಮನೆ ನೋಡಿಕೊಳ್ಳೋಣ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಗೆಳೆಯರೇ, ಜಾತ್ರೆಯಲ್ಲಿ ತಮಟೆ ಬಡಿಯುವವರನ್ನು ನಮ್ಮ ಹಿರಿಯರು ಎಲ್ಲಿ ನಿಲ್ಲಿಸಿದ್ದರು? ಗುಡಿಯ ಹೊರಗೆ! ನಾದ ಬೇಕು, ನುಡಿಸುವವನು ಬೇಡ! ಇದೇ ಶಿಡ್ಲಘಟ್ಟ ತಾಲ್ಲೂಕಿನ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರ ತಮಟೆಗೆ 2023ರಲ್ಲಿ ಪದ್ಮಶ್ರೀ ಬಂತು. ದೆಹಲಿಗೆ ಕೇಳಿಸಿದ ಸದ್ದು ನಮ್ಮ ರಾಜ್ಯೋತ್ಸವ ಸಮಿತಿಗಳಿಗೆ ಕೇಳಿಸಬೇಡವೇ?

ನವೆಂಬರ್ 1ರಂದು ತಮಟೆಯವರನ್ನು ಮೆರವಣಿಗೆಯ ಮುಂದೆ ನಡೆಸಿ ಕೈತೊಳೆದುಕೊಳ್ಳಬೇಡಿ. ಸಂಜೆ ವೇದಿಕೆ ಹತ್ತಿಸಿ. ಕರಪತ್ರದಲ್ಲಿ ಅವರ ಹೆಸರು ಹಾಕಿ. ಆರ್ಕೆಸ್ಟ್ರಾದವರಿಗೆ ಕೊಡುವಷ್ಟೇ ಸಂಭಾವನೆ ಕೊಡಿ. ಕನ್ನಡಕ್ಕೆ ಜೈ ಎನ್ನುವ ಮೊದಲು ಕನ್ನಡ ನೆಲದ ನಾದ ಉಳಿಸಿದ ಕೈಗಳಿಗೆ ಗೌರವ ಸಲ್ಲಲಿ!