ಮೊದಲ ಗುಂಡಿನ ಲೆಕ್ಕ

ಶಿಕಾರಿ ನಮ್ಮಲ್ಲಿ ಹೆಚ್ಚಿನವರಿಗೆ ಓದಿ ಮಾತ್ರ ಗೊತ್ತು. ತೇಜಸ್ವಿ ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ ಕಥೆಗಳು, ಜಿಮ್ ಕಾರ್ಬೆಟ್‌ನ ನರಭಕ್ಷಕ ಹುಲಿಗಳು, ಅಷ್ಟೆ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದು, 1991ರ ತಿದ್ದುಪಡಿಯಲ್ಲಿ ಅದು ಇನ್ನಷ್ಟು ಬಿಗಿಯಾದ ಮೇಲೆ ನಮ್ಮ ದೇಶದಲ್ಲಿ ಶಿಕಾರಿಯ ಕಾಲ ಮುಗಿಯಿತು. ಮುಗಿದದ್ದು ಒಳ್ಳೆಯದೇ ಎನ್ನುವವನು ನಾನು.

ಅಮೆರಿಕದ ಕೊಲರಾಡೊದಲ್ಲಿ ಮಾತ್ರ ಅದು ಲೈಸೆನ್ಸ್ ಪಡೆದು, ನಿಗದಿಯಾದ ಋತುವಿನಲ್ಲಿ ಮಾಡುವ ಕಾನೂನುಬದ್ಧ ಕೆಲಸ. ಪ್ರಾಜೆಕ್ಟ್ ಮೇಲೆ ಡೆನ್ವರ್‌ನಲ್ಲಿದ್ದಾಗ ನಮ್ಮ ಟೀಮಿನ ಒಬ್ಬಾತ ಪ್ರತಿ ವರ್ಷ ರಾಕಿ ಪರ್ವತಕ್ಕೆ ಎಲ್ಕ್ ಬೇಟೆಗೆ ಹೋಗುತ್ತಿದ್ದ. ಎಲ್ಕ್ ನಮ್ಮ ಕಡವೆಯ ಹಾಗಿರುವ, ಅದಕ್ಕಿಂತಲೂ ದೊಡ್ಡ ಪ್ರಾಣಿ. ಅವನು ರೈಫಲ್ 'ಝೀರೋ' ಮಾಡುವುದನ್ನು ನೋಡಲು ಎರಡು ಶನಿವಾರ ಶೂಟಿಂಗ್ ರೇಂಜಿಗೆ ಹೋಗಿದ್ದೆ. ನಾನು ಗುಂಡು ಹೊಡೆಯಲಿಲ್ಲ. ನೋಡಿದೆ, ಪ್ರಶ್ನೆ ಕೇಳಿದೆ.

ಝೀರೋ ಮಾಡುವುದೆಂದರೆ ಏನು? ಸ್ಕೋಪ್ ಇರುವುದು ನಳಿಗೆಯ ಮೇಲೆ, ಒಂದೂವರೆ ಎರಡು ಇಂಚು ಎತ್ತರದಲ್ಲಿ. ಕಣ್ಣಿನ ನೋಟ ನೇರ ಗೆರೆ. ಗುಂಡಿನ ದಾರಿ ಹಾಗಲ್ಲ, ನಳಿಗೆಯಿಂದ ಹೊರಬಿದ್ದ ಕ್ಷಣದಿಂದಲೇ ಗುರುತ್ವ ಅದನ್ನು ಕೆಳಗೆಳೆಯುತ್ತದೆ. ಅರ್ಧ ಸೆಕೆಂಡಿನಲ್ಲಿ ಯಾವ ವಸ್ತುವಾದರೂ ಸುಮಾರು ನಾಲ್ಕು ಅಡಿ ಬೀಳುತ್ತದೆ, ಗುಂಡಿಗೂ ರಿಯಾಯಿತಿ ಇಲ್ಲ. ಈ ನೇರ ಗೆರೆ ಮತ್ತು ಬಾಗಿದ ದಾರಿ ಎಷ್ಟು ದೂರದಲ್ಲಿ ಸೇರಬೇಕು ಎಂದು ನಿರ್ಧರಿಸಿ, ಅದಕ್ಕೆ ತಕ್ಕಂತೆ ಸ್ಕೋಪ್ ಹೊಂದಿಸುವುದೇ ಝೀರೋ.

ಮೊದಲು ಅವನು ಸ್ಕೋಪಿನ ಸ್ಕ್ರೂಗಳೆಲ್ಲ ಬಿಗಿಯಾಗಿವೆಯೇ ನೋಡಿದ. ರೈಫಲ್ಲಿನ ಮುಂದಿನ ಮರದ ಭಾಗವನ್ನು ಮರಳಿನ ಚೀಲದ ಮೇಲಿಟ್ಟ, ನಳಿಗೆ ಎಲ್ಲಿಗೂ ತಾಗದ ಹಾಗೆ. 25 ಗಜದಲ್ಲಿ ಒರಟಾಗಿ ಹೊಂದಿಸಿ, ಆಮೇಲೆ ಗುರಿಹಲಗೆಯನ್ನು 100 ಗಜಕ್ಕೆ ಒಯ್ದ. ಮೂರು ಗುಂಡು ಹೊಡೆದು, ಮೂರು ತೂತುಗಳ ನಡುಬಿಂದು ಎಲ್ಲಿದೆ ಎಂದು ಅಳೆದ. ಮೂರು ಇಂಚು ಕೆಳಗೆ, ಎರಡು ಇಂಚು ಬಲಕ್ಕೆ. ಅವನ ಸ್ಕೋಪಿನ ಒಂದು ಕ್ಲಿಕ್ 100 ಗಜದಲ್ಲಿ ಕಾಲು ಇಂಚು. ಅಂದರೆ 12 ಕ್ಲಿಕ್ ಮೇಲಕ್ಕೆ, 8 ಕ್ಲಿಕ್ ಎಡಕ್ಕೆ. ನಳಿಗೆ ತಣ್ಣಗಾಗಲು ಬಿಟ್ಟು ಮತ್ತೆ ಮೂರು. ಒಂದೊಂದು ಗುಂಡಿಗೂ ತಿರುಪು ತಿರುಗಿಸುತ್ತ ಕೂತರೆ ಝೀರೋ ಸಿಗುವುದೇ ಇಲ್ಲ. ಲಾಗಿನಲ್ಲಿ ಒಂದು ಎರರ್ ಕಂಡ ತಕ್ಷಣ ಸೆಟ್ಟಿಂಗ್ ಬದಲಿಸುವವರ ಪಾಡೂ ಇದೇ.

ಇಷ್ಟಾದರೆ ಮುಗಿಯಿತು ಅಂದುಕೊಂಡೆ. ಅವನ ಪ್ರಕಾರ ಅದು ಅರ್ಧ ಕೆಲಸ. ಝೀರೋ ರೈಫಲ್ಲಿನದು ಮಾತ್ರವಲ್ಲ, ತೋಟಾದ್ದೂ ಹೌದು. ಬೇರೆ ತೂಕದ ಗುಂಡು ಹಾಕಿದರೆ ಅದು ಬೇರೆ ಕಡೆ ಬೀಳುತ್ತದೆ. ಅವನ .308 ರೈಫಲ್ಲನ್ನು 100 ಗಜಕ್ಕೆ ಝೀರೋ ಮಾಡಿದರೆ 300 ಗಜದಲ್ಲಿ ಗುಂಡು ಒಂದು ಅಡಿಗಿಂತ ತುಸು ಹೆಚ್ಚು ಕೆಳಗೆ, 500 ಗಜದಲ್ಲಿ ಐದು ಅಡಿಯ ಹತ್ತಿರ ಕೆಳಗೆ. ಅಲ್ಲಿ ದೂರದ ಅಂದಾಜು 20 ಗಜ ತಪ್ಪಿದರೂ ಅರ್ಧ ಅಡಿ ವ್ಯತ್ಯಾಸ. ಬೆಟ್ಟದಲ್ಲಿ ಇನ್ನೂ ಲೆಕ್ಕಗಳಿವೆ. 3000 ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಮುಕ್ಕಾಲು ಭಾಗ ಮಾತ್ರ, ಹಾಗಾಗಿ ದೂರ ಹೋದಂತೆ ಗುಂಡು ಅಂದಾಜಿಗಿಂತ ಮೇಲೆ ತಾಗುತ್ತದೆ. ಇಳಿಜಾರಿನಲ್ಲಿ 30 ಡಿಗ್ರಿ ಕೋನದಲ್ಲಿ 400 ಗಜ ದೂರದ ಪ್ರಾಣಿಗೆ ಗುರಿಯಿಟ್ಟರೆ, ಬೀಳುವ ಲೆಕ್ಕಕ್ಕೆ ಹಿಡಿಯಬೇಕಾದದ್ದು ಸುಮಾರು 346 ಗಜ. ಮೇಲಕ್ಕೆ ಹೊಡೆದರೂ ಕೆಳಕ್ಕೆ ಹೊಡೆದರೂ ಅಷ್ಟೇ. ಇನ್ನು ಅಡ್ಡಗಾಳಿ. ಗಂಟೆಗೆ 10 ಮೈಲಿಯ ಗಾಳಿ 500 ಗಜದಲ್ಲಿ ಆ ಗುಂಡನ್ನು ಒಂದೂವರೆ ಅಡಿಯಷ್ಟು ಪಕ್ಕಕ್ಕೆ ತಳ್ಳುತ್ತದೆ. ಯಾವ ಝೀರೋವೂ ಗಾಳಿಯನ್ನು ಮೊದಲೇ ಲೆಕ್ಕ ಹಾಕಿಕೊಡುವುದಿಲ್ಲ.

ಎರಡನೆಯ ಶನಿವಾರ ಅವನು ಹೊಡೆದ ಮೊದಲ ಗುಂಡನ್ನು ಮಾತ್ರ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. ತಣ್ಣಗಿನ ನಳಿಗೆಯಿಂದ ಹೊರಡುವ ಮೊದಲ ಗುಂಡು ಬಿಸಿ ನಳಿಗೆಯ ಗುಂಡು ಬಿದ್ದಲ್ಲೇ ಬೀಳಬೇಕೆಂದಿಲ್ಲ. ಬೆಟ್ಟದಲ್ಲಿ ಸಿಗುವುದು ಆ ಮೊದಲ ಗುಂಡೇ. ಆಮೇಲೆ ಮೇಜು, ಮರಳಿನ ಚೀಲ ಎಲ್ಲ ಬಿಟ್ಟು ನೆಲದ ಮೇಲೆ ಕೂತು, ಬ್ಯಾಕ್‌ಪ್ಯಾಕಿಗೆ ಒರಗಿಸಿ ಹೊಡೆದ. ಮೇಜಿನ ಮೇಲಿಂದ ಒಂದು ಇಂಚಿನೊಳಗೆ ಬೀಳುತ್ತಿದ್ದ ಗುಂಡುಗಳು ಈಗ ಮೂರು ಇಂಚಿಗೆ ಹರಡಿದವು. ಎಲ್ಕ್‌ನ ಹೃದಯ, ಶ್ವಾಸಕೋಶ ಇರುವ ಜಾಗ ಸುಮಾರು ಒಂದು ಅಡಿ ಅಗಲ. 300 ಗಜಕ್ಕೆ ಈ ಮೂರು ಇಂಚು ಒಂಬತ್ತಾಗುತ್ತದೆ. ಒಂದು ತುಂಡು ಟೇಪಿನ ಮೇಲೆ '300' ಎಂದು ಬರೆದು ರೈಫಲ್ಲಿಗೆ ಅಂಟಿಸಿದ. ಪ್ರಾಣಿ ಅದಕ್ಕಿಂತ ದೂರದಲ್ಲಿದ್ದರೆ ಹತ್ತಿರಕ್ಕೆ ನಡೆಯಬೇಕು, ಆಗದಿದ್ದರೆ ಬಿಡಬೇಕು. ಬೆಟ್ಟ ತಲುಪಿದ ಮೇಲೂ, ನಾಲ್ಕೈದು ಗಂಟೆಯ ಕುಲುಕಾಟದಲ್ಲಿ ಸ್ಕೋಪ್ ಅಲುಗಿಲ್ಲವೆಂದು ಖಚಿತವಾಗಲು, ಮತ್ತೊಮ್ಮೆ ಹೊಡೆದು ನೋಡುತ್ತೇನೆ ಎಂದ.

ಇಷ್ಟೆಲ್ಲ ಯಾಕೆ? ನಮ್ಮ ಕೊಡಗಿನಲ್ಲಿ ಕೈಲ್ ಪೊಳ್ದ್ ಹಬ್ಬಕ್ಕೆ ತೆಂಗಿನಕಾಯಿಗೆ ಗುರಿಯಿಡುತ್ತಾರೆ. ಗುರಿ ತಪ್ಪಿದರೆ ನಾಲ್ಕು ಜನ ನಗುತ್ತಾರೆ, ಅಷ್ಟೆ. ಜೀವ ಇರುವ ಗುರಿಯಲ್ಲಿ ಹಾಗಲ್ಲ. ಪೂರ್ತಿ ತಪ್ಪಿದ ಗುಂಡಿಗಿಂತ ಅರ್ಧ ತಾಗಿದ ಗುಂಡು ಕೆಟ್ಟದ್ದು. 1907ರಲ್ಲಿ ಕಾರ್ಬೆಟ್ ಕೊಂದ ಚಂಪಾವತ್ ಹುಲಿಯ ಲೆಕ್ಕದಲ್ಲಿ 436 ಮನುಷ್ಯರ ಸಾವುಗಳಿವೆ. ಸತ್ತ ಹೆಣ್ಣುಹುಲಿಯ ಬಾಯಿ ತೆರೆದು ನೋಡಿದರೆ ಬಲಗಡೆಯ ಮೇಲಿನ ಮತ್ತು ಕೆಳಗಿನ ಕೋರೆಹಲ್ಲುಗಳು ಮುರಿದಿದ್ದವು. ಹಳೆಯ ಗುಂಡೇಟಿನ ಗಾಯ. ಸಹಜ ಬೇಟೆ ಆಡಲಾಗದೆ ಅದು ಮನುಷ್ಯರ ಮೇಲೆ ಬಿತ್ತು ಎಂದು ಕಾರ್ಬೆಟ್ ಬರೆದ. ಯಾರೋ ಒಬ್ಬ ಹೊಡೆದು, ಪ್ರಾಣಿ ತಪ್ಪಿಸಿಕೊಂಡಿತು ಎಂದುಕೊಂಡು ಮನೆಗೆ ಹೋಗಿರಬೇಕು.

ಶಿಕಾರಿಯ ಬಗ್ಗೆ ನನ್ನ ಅಭಿಪ್ರಾಯ ಆ ಎರಡು ಶನಿವಾರಗಳಿಂದ ಬದಲಾಗಲಿಲ್ಲ. ಆದರೆ ಈಗ ಯೂಟ್ಯೂಬಿನಲ್ಲಿ 1000 ಗಜ ದೂರದ ಪ್ರಾಣಿಯನ್ನು ಬೀಳಿಸುವ ವೀಡಿಯೊ ಕಂಡರೆ ಚಪ್ಪಾಳೆಯ ಬದಲು ಲೆಕ್ಕ ನೆನಪಾಗುತ್ತದೆ. ಅಷ್ಟು ದೂರಕ್ಕೆ ಅಂಥ ಗುಂಡು ತಲುಪಲು ಒಂದೂವರೆ ಸೆಕೆಂಡಿಗೂ ಹೆಚ್ಚು ಬೇಕು. ಅಷ್ಟರಲ್ಲಿ ಪ್ರಾಣಿ ಒಂದು ಹೆಜ್ಜೆ ಮುಂದಿಟ್ಟರೆ ಗುಂಡು ಹೊಟ್ಟೆಗೆ ಬೀಳುತ್ತದೆ. ಹಾಗೆ ಗಾಯಗೊಂಡು ಕಣಿವೆಗಿಳಿದು ಮರೆಯಾದ ಪ್ರಾಣಿಯ ವೀಡಿಯೊವನ್ನು ಯಾರೂ ಹಾಕುವುದಿಲ್ಲ.