ಬೇಸಗೆಯಲ್ಲಿ ನಿಂತ ಎಂಜಿನುಗಳೂ ಅವುಗಳ ಟಾಕಿಯಲ್ಲುಳಿದ ಪೆಟ್ರೋಲೂ

ಹಾವೇರಿ ತಾಲೂಕಿನ ಕರ್ಜಗಿಯ ಸುತ್ತಣ ಊರುಗಳಲ್ಲಿ ಗೋವಿನಜೋಳ, ಹತ್ತಿ, ಮೆಣಸಿನಕಾಯಿಗಳನ್ನು ಬೆಳೆಯುವ ಒಕ್ಕಲಿಗರ ಮನೆಗಳಲ್ಲಿ ಈಗ ನೇಗಿಲು ಕುಂಟೆಗಳ ಮಗ್ಗುಲಿಗೆ ಪೆಟ್ರೋಲಿನಿಂದ ನಡೆಯುವ ಸಣ್ಣ ಯಂತ್ರಗಳೂ ಸೇರಿಕೊಂಡಿವೆ. ಔಷಧ ಸಿಂಪಡಿಸುವ ಬೆನ್ನುಪಂಪು, ಕಳೆ ತೆಗೆಯುವ ಯಂತ್ರ, ಹಳ್ಳದಿಂದ ನೀರೆತ್ತುವ ಎಂಜಿನು ಮೊದಲಾದ ಇವುಗಳಿಗೆ ವರ್ಷದ ಹನ್ನೆರಡು ತಿಂಗಳೂ ಕೆಲಸವಿರುವುದಿಲ್ಲ. ಮೆಣಸಿನಕಾಯಿಯ ಕೊಯ್ಲು ಮುಗಿದ ಮೇಲೆ ಮೂಲೆ ಸೇರಿದ ಬೆನ್ನುಪಂಪು ಮತ್ತೆ ಹೊರಗೆ ಬರುವುದು ಮೃಗಶಿರಾ ಮಳೆಯ ತರುವಾಯವೇ. ನೀರೆತ್ತುವ ಎಂಜಿನಿನ ಸ್ಥಿತಿಯು ಇದಕ್ಕೆ ವಿಪರೀತವಾದುದು. ಅದು ಮಳೆಗಾಲವನ್ನೆಲ್ಲ ನಿಂತೇ ಕಳೆಯುತ್ತದೆ. ಯಂತ್ರವನ್ನು ಒರಸಿ ಗೋಣಿತಟ್ಟು ಹೊದಿಸಿಡುವ ಜಾಗರೂಕತೆಯು ಅನೇಕರಲ್ಲಿದೆ. ಟಾಕಿಯಲ್ಲಿ ಉಳಿದ ಅರ್ಧ ಲೀಟರು ಪೆಟ್ರೋಲಿನ ವಿಚಾರ ಮಾತ್ರ ಹೆಚ್ಚಿನವರ ಮನಸ್ಸಿಗೆ ಬರುವುದೇ ಇಲ್ಲ.

ಈ ಅಲಕ್ಷ್ಯದ ಫಲವು ತಿಳಿಯುವುದು ಮುಂಗಾರಿನಲ್ಲಿ. 2018ರಲ್ಲಿ ಶಿವಮೊಗ್ಗದ ಸೀಮೆಯಲ್ಲಿ, ಭಾರತದಲ್ಲಿಯೇ ಮೊದಲಾಗಿ, ಗುರುತಿಸಲ್ಪಟ್ಟ ಫಾಲ್ ಸೈನಿಕ ಹುಳುವು ಅಂದಿನಿಂದ ಗೋವಿನಜೋಳವನ್ನು ಬಿಟ್ಟುಹೋಗಿಲ್ಲ. ಮೊಟ್ಟೆಯೊಡೆದ ಮರಿಹುಳುಗಳು ಮೊದಲ ಕೆಲವು ದಿವಸ ಎಲೆಯ ಮೇಲ್ಮೈಯನ್ನು ಕೆರೆದು ತಿನ್ನುತ್ತಿರುವಾಗ ಸಿಂಪಡಿಸಿದ ಔಷಧವು ಅವಕ್ಕೆ ತಗಲುತ್ತದೆ. ಅವು ಬೆಳೆದು ಸುಳಿಯೊಳಗೆ ಹೊಕ್ಕು ತಮ್ಮ ಹಿಕ್ಕೆಯಿಂದಲೇ ಬಾಗಿಲು ಮುಚ್ಚಿಕೊಂಡ ಮೇಲೆ ಎಷ್ಟು ಖರ್ಚು ಮಾಡಿದರೂ ಪ್ರಯೋಜನವು ಅಲ್ಪವೇ ಸರಿ. ಇಂಥ ಎಣಿಕೆಯ ದಿವಸಗಳಲ್ಲಿಯೇ ಹಗ್ಗ ಜಗ್ಗಿದರೆ ಎಂಜಿನು ಎರಡು ಸಲ ಕೆಮ್ಮಿ ಸುಮ್ಮನಾಗುತ್ತದೆ. ದುರಸ್ತಿಯವನಿಗೆ ಕೊಟ್ಟ ಹಣವು ಲೆಕ್ಕಕ್ಕೆ ಬರುತ್ತದೆ. ಅವನ ಅಂಗಡಿಯ ಮುಂದೆ ಕಳೆದ ಮೂರು ದಿವಸಗಳಲ್ಲಿ ಹುಳು ತಿಂದ ಸುಳಿಗಳು ಲೆಕ್ಕಕ್ಕೆ ಬರುವುದಿಲ್ಲ.

ಪೆಟ್ರೋಲು ಕೆಡುವುದೆಂದರೇನು? ಅದು ಒಂದೇ ಪದಾರ್ಥವಲ್ಲ. ಹಗುರವೂ ಭಾರವೂ ಆದ ಅನೇಕ ದ್ರವಗಳ ಕೂಟ. ನಿಂತಲ್ಲಿ ಹಗುರವಾದ ಭಾಗವು ಮೊದಲು ಆವಿಯಾಗಿ ಹೋಗುತ್ತದೆ. ಎಂಜಿನನ್ನು ತಣ್ಣಗಿರುವಾಗ ಹೊತ್ತಿಸುವುದು ಆ ಭಾಗವೇ. ಉಳಿದುದು ಗಾಳಿಯ ಆಮ್ಲಜನಕದೊಡನೆ ಕೂಡಿ ಅಂಟಾಗಿ, ಕಾರ್ಬೊರೇಟರಿನ ಸೂಜಿಯಷ್ಟು ಸಣ್ಣ ರಂಧ್ರಗಳನ್ನು ಮುಚ್ಚುತ್ತದೆ. ಉಷ್ಣವು ಹೆಚ್ಚಿದಷ್ಟೂ ಈ ಕಾರ್ಯವು ತೀವ್ರವಾಗುತ್ತದೆ. ಇಂಧನವನ್ನು ಕೆಡದಂತೆ ಇಡುವ ಸ್ಥಿರಕಾರಿ ದ್ರವವು ಹಿಮ ಬೀಳುವ ದೇಶಗಳ ಪದಾರ್ಥ, ಅಲ್ಲಿ ಚಳಿಗಾಲದಲ್ಲಿ ಮೋಟಾರು ಸೈಕಲುಗಳನ್ನು ಕಟ್ಟಿಡುವುದರಿಂದ ಅವರಿಗೆ ಬೇಕು, ನಮಗೇಕೆ ಎಂದು ಕೆಲವರು ಆಡುವ ಮಾತು ಈ ಕಾರಣದಿಂದ ನಿಲ್ಲತಕ್ಕುದಲ್ಲ. ಪೆಟ್ರೋಲನ್ನು ಕೆಡಿಸುವುದು ಚಳಿಯಲ್ಲ, ನಿಲ್ಲುವಿಕೆ. ಏಪ್ರಿಲ್ ತಿಂಗಳಿನ ತಗಡಿನ ಮಾಡಿನ ಕೆಳಗೆ ಅದು ಹಿಮದ ನಾಡಿಗಿಂತ ಬೇಗನೆ ಕೆಡುವುದು.

ಇದಕ್ಕೆ ಈಚಿನ ಇನ್ನೊಂದು ಕಾರಣವು ಕೂಡಿದೆ. ಪೆಟ್ರೋಲಿನಲ್ಲಿ ಎಥೆನಾಲೆಂಬ ಮದ್ಯಸಾರವನ್ನು ಬೆರೆಸುವ ಪ್ರಮಾಣವು 2022ರ ಜೂನ್ ತಿಂಗಳಿಗೆ ನೂರಕ್ಕೆ 10ನ್ನು ಮುಟ್ಟಿತು. ನೂರಕ್ಕೆ 20ರ ಮಿಶ್ರಣವು 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಆರಂಭಗೊಂಡು, 2025ರ ಹೊತ್ತಿಗೆ ದೇಶದಲ್ಲೆಲ್ಲ ಹರಡಿತು. ಕಬ್ಬಿನಿಂದಲೂ ಗೋವಿನಜೋಳದಿಂದಲೂ ಆಗುವ ಈ ದ್ರವವು ಒಕ್ಕಲಿಗನ ಬೆಳೆಗೆ ಗಿರಾಕಿಯಾದುದು ನಿಜ; ಆದರೆ ಅದು ನೀರನ್ನು ಹೀರುವ ಸ್ವಭಾವದ್ದು. ಟಾಕಿಗೆ ಮಳೆಯ ನೀರು ಇಳಿದರೆ, ಇಲ್ಲವೆ ತೇವದ ಗಾಳಿಯು ತಿಂಗಳುಗಟ್ಟಲೆ ತಗಲಿದರೆ, ಎಥೆನಾಲು ನೀರಿನೊಡನೆ ಬೇರ್ಪಟ್ಟು ತಳಕ್ಕೆ ಇಳಿಯಬಹುದು. ಪೆಟ್ರೋಲಿಗೆ ಎಣ್ಣೆ ಬೆರೆಸಿ ನಡೆಸುವ ಎರಡು ಹೊಡೆತದ ಎಂಜಿನಿಗೆ ಇದು ಅತ್ಯಂತ ಅಪಾಯಕರವು. ಎಣ್ಣೆಯು ಮೇಲಣ ಪೆಟ್ರೋಲಿನಲ್ಲಿ ಉಳಿದು, ತಳದ ಎಣ್ಣೆಯಿಲ್ಲದ ದ್ರವವೇ ಮೊದಲು ಎಂಜಿನಿಗೆ ಹೋಗುವುದರಿಂದ ಪಿಸ್ತನು ಹಿಡಿದುಕೊಳ್ಳುವ ಸಂಭವವಿದೆ.

ಸ್ಥಿರಕಾರಿಯು ಅಂಟು ಕಟ್ಟುವುದನ್ನು ತಡೆಯುತ್ತದೆ. ಹಲವು ಬಗೆಗಳಲ್ಲಿ ತುಕ್ಕು ತಡೆಯುವ ಅಂಶವೂ ಇರುತ್ತದೆ. ಆದರೆ ಅಂಗಡಿಕಾರರು ಕೆಲವರು ಅದನ್ನು ಸಂಜೀವಿನಿಯೆಂಬಂತೆ ಮಾರುವುದು ಸರಿಯಲ್ಲ. ಕೆಟ್ಟ ಪೆಟ್ರೋಲನ್ನು ಅದು ಹೊಸದು ಮಾಡಲಾರದು. ಬೇರ್ಪಟ್ಟ ನೀರನ್ನು ಮತ್ತೆ ಕೂಡಿಸಲಾರದು. ಅದನ್ನು ತಾಜಾ ಪೆಟ್ರೋಲಿಗೆ ಚೀಟಿಯಲ್ಲಿ ಹೇಳಿದಷ್ಟೇ ಪ್ರಮಾಣದಲ್ಲಿ ಹಾಕಿ, ಎಂಜಿನನ್ನು ಹತ್ತು ನಿಮಿಷ ನಡೆಸಿ, ಕಾರ್ಬೊರೇಟರಿನ ತನಕ ಅದು ತಲುಪಿದ ಮೇಲೆಯೇ ನಿಲ್ಲಿಸತಕ್ಕದ್ದು. ಟಾಕಿಯಲ್ಲಿ ಸುರಿದು ಮುಚ್ಚಳ ಹಾಕಿದರೆ ಹಣ ಹೋದಂತೆಯೇ. ಡೀಸೆಲಿನ ಎಂಜಿನುಗಳಿಗೆ ಪೆಟ್ರೋಲಿನದನ್ನು ಉಪಯೋಗಿಸಕೂಡದು.

ಒಂದೇ ಬೆನ್ನುಪಂಪು ಇರುವ ಒಕ್ಕಲಿಗನು ಈ ಸೀಸೆಯನ್ನು ಕೊಳ್ಳಬೇಕಾದ ಅಗತ್ಯವೇ ಇಲ್ಲ. ಅವನು ಆ ದಿನದ ಕೆಲಸಕ್ಕೆ ಬೇಕಾದಷ್ಟೇ ಪೆಟ್ರೋಲಿಗೆ ಎಣ್ಣೆ ಬೆರೆಸಲಿ. ಹಂಗಾಮಿನ ಕಡೆಯ ದಿವಸ ಟಾಕಿಯನ್ನು ಬರಿದು ಮಾಡಿ, ಎಂಜಿನು ತಾನಾಗಿ ನಿಲ್ಲುವ ತನಕ ನಡೆಸಲಿ. ಎಣ್ಣೆ ಬೆರೆಸದ ಪೆಟ್ರೋಲು ಉಳಿದಿದ್ದರೆ ಮೋಟಾರು ಸೈಕಲಿಗೆ ಹಾಕಿ ಅದೇ ವಾರ ಹಾವೇರಿಯ ಸಂತೆಗೆ ಹೋಗಿಬರಬಹುದು. ಸೋಡಾ ಸೀಸೆಯಲ್ಲಿ ತುಂಬಿ ಅಡಿಗೆಮನೆಯ ಮೂಲೆಯಲ್ಲಿಡುವುದು ಮಾತ್ರ ಬೇಡ. ಸೀಸೆಯು ನಿಜವಾಗಿ ಸಾರ್ಥಕವಾಗುವುದು ಬರಿದು ಮಾಡಲು ಆಗದ ಕಡೆಗೆ: ಮಗನು ದುಡಿಮೆಗೆಂದು ಪರಸ್ಥಳಕ್ಕೆ ಹೋದ ಮನೆಯಲ್ಲಿ ನಾಲ್ಕಾರು ತಿಂಗಳು ನಿಂತಿರುವ ಮೋಟಾರು ಸೈಕಲು, ಮತ್ತು ಹತ್ತಾರು ಯಂತ್ರಗಳನ್ನು ಒಟ್ಟಿಗೆ ಇಟ್ಟುಕೊಳ್ಳುವ ಬಾಡಿಗೆಯ ಕೇಂದ್ರ. ಮೋಟಾರು ಸೈಕಲಿನ ಕಬ್ಬಿಣದ ಟಾಕಿಯನ್ನು ಅರ್ಧ ಬಿಟ್ಟರೆ ಒಳಗೆ ತುಕ್ಕು ಹಿಡಿಯುವುದರಿಂದ, ಅದನ್ನು ಸ್ಥಿರಕಾರಿ ಸಹಿತ ತುಂಬಿಡುವುದೇ ಲೇಸು.

ಸಹಾಯಧನದಿಂದ ಯಂತ್ರಗಳನ್ನು ಹಂಚುವವರ ಹೊಣೆಯೂ ಇಲ್ಲಿದೆ. ಯಂತ್ರವನ್ನು ಕೊಡುವ ದಿವಸ ಛಾಯಾಚಿತ್ರ ತೆಗೆಯುವುದಕ್ಕೆ ಇರುವ ಹೊತ್ತಿನಲ್ಲಿ ಅರ್ಧದಷ್ಟಾದರೂ ಟಾಕಿಯನ್ನು ಬರಿದು ಮಾಡುವ ಕ್ರಮವನ್ನು ತೋರಿಸುವುದಕ್ಕೆ ಮೀಸಲಾಗಬೇಕು. ಇಂಗ್ಲಿಷ್ ಕೈಪಿಡಿಯ ಜತೆಗೆ ಒಂದು ಹಾಳೆ ಕನ್ನಡವನ್ನೂ ಕೊಡಬೇಕು. ಅದಕ್ಕೆ ತಗಲುವ ವೆಚ್ಚವು ಒಂದು ಕಾರ್ಬೊರೇಟರಿನ ಬೆಲೆಗೂ ಬಾರದು.

ಕರ್ಜಗಿಯ ಒಕ್ಕಲಿಗರಿಗೆ ದಿನವನ್ನು ಬೇರೆ ಗೊತ್ತುಮಾಡಿ ಕೊಡಬೇಕಾದುದಿಲ್ಲ. ಕಾರಹುಣ್ಣಿವೆಗೆ ಎತ್ತುಗಳ ಮೈ ತೊಳೆದು ಕೊಂಬಿಗೆ ಬಣ್ಣ ಹಚ್ಚುವ ವಾರದಲ್ಲಿಯೇ ಬೆನ್ನುಪಂಪಿಗೆ ಲೋಟದಷ್ಟು ಹೊಸ ಪೆಟ್ರೋಲನ್ನು, ಅಳತೆಗೆ ತಕ್ಕ ಎಣ್ಣೆ ಬೆರೆಸಿ, ಹಾಕಿ ಹಗ್ಗ ಜಗ್ಗಿ ನೋಡಬಹುದು. ಆಗ ನಡೆಯದಿದ್ದರೂ ಗೋವಿನಜೋಳದ ಸುಳಿಯಲ್ಲಿ ಹುಳು ಕಾಣುವ ಮುಂಚೆ ದುರಸ್ತಿಗೆ ಇನ್ನೂ ಕೆಲವು ದಿವಸಗಳು ಉಳಿದಿರುತ್ತವೆ.