ಹಂದಿಯ ಕಣ್ಣು ಕೆಂಪಾದರೆ ಮೊದಲು ಗೂಡು ನೋಡಿ

ಕಳೆದ ಮಳೆಗಾಲದಲ್ಲಿ ನಮ್ಮ ಹಂದಿಮರಿಗಳಿಗೆ ಕಣ್ಣುಬೇನೆ ಬಂತು. ಮೊದಲು ನೀರು ಸುರಿಯಿತು, ಆಮೇಲೆ ರೆಪ್ಪೆ ಊದಿ ಪಿಸುರು ಕಟ್ಟಿತು. ಒಂದು ಬೆಳಿಗ್ಗೆ ನೋಡಿದರೆ ಎರಡು ಮರಿಗಳ ಕಣ್ಣು ಅಂಟಿಕೊಂಡೇ ಬಿಟ್ಟಿವೆ. ಪಾಪ, ತಾಯಿಯ ಮೊಲೆ ಸಿಗದೆ ತಡಕಾಡುತ್ತಿದ್ದವು.

ಮನೆಯಲ್ಲಿ ಯಾರಿಗೋ ತಂದಿದ್ದ ಕಣ್ಣಿನ ಡ್ರಾಪ್ಸ್ ಇತ್ತು. ಹಾಕಿದೆ. ನಾಲ್ಕು ದಿನದಲ್ಲಿ ಒಂದು ಮರಿಯ ಕಣ್ಣುಗುಡ್ಡೆ ಬೆಳ್ಳಗಾಯಿತು. ಪಶುವೈದ್ಯರು ಬಾಟಲಿ ತಿರುಗಿಸಿ ನೋಡಿ, "ಇದರಲ್ಲಿ ಸ್ಟಿರಾಯ್ಡ್ ಉಂಟು ಮಾರಾಯ್ರೆ. ಗುಡ್ಡೆಯಲ್ಲಿ ಗಾಯ ಇದ್ದಾಗ ಇದನ್ನು ಹಾಕಿದರೆ ಗಾಯ ಮಾಯುವುದಿಲ್ಲ, ಆಳಕ್ಕೆ ಇಳಿಯುತ್ತದೆ" ಎಂದರು. ನಂತರ ನನ್ನನ್ನೇ ಗೂಡಿನೊಳಗೆ ಕುಕ್ಕರಗಾಲಲ್ಲಿ ಕೂರಿಸಿದರು. ಎರಡು ಉಸಿರು ಎಳೆಯುವಷ್ಟರಲ್ಲಿ ನನ್ನ ಕಣ್ಣೇ ಉರಿಯಿತು! ಎರಚಲು ಬಾರದಿರಲೆಂದು ಸುತ್ತ ಟರ್ಪಾಲು ಬಿಗಿದವನು ನಾನೇ. ಮೂತ್ರದ ಅಮೋನಿಯಾ ಒಳಗೇ ನಿಂತಿತ್ತು. ನಿಂತು ನೋಡುವ ನಮಗೆ ಅಷ್ಟು ತಿಳಿಯದು, ಹಂದಿಯ ಮೂಗು ಇರುವುದು ನೆಲದ ಹತ್ತಿರ.

ಕ್ಲಮೈಡಿಯಾದಂಥ ಬ್ಯಾಕ್ಟೀರಿಯಾ ಆರೋಗ್ಯದ ಹಂದಿಯ ಕಣ್ಣಲ್ಲೂ ಇರುತ್ತವಂತೆ. ಹೊಗೆ, ಹಿಟ್ಟಿನ ಧೂಳು, ಅಮೋನಿಯಾದಿಂದ ಕಣ್ಣು ನೊಂದಾಗ ಅವುಗಳ ಆಟ ಶುರು. ವೈದ್ಯರು ಟೆಟ್ರಾಸೈಕ್ಲಿನ್ ಮುಲಾಮು ಕೊಟ್ಟರು. ಕಾಯಿಸಿ ಆರಿಸಿದ ಉಪ್ಪುನೀರಲ್ಲಿ ಪಿಸುರು ಒರೆಸಿ ಹಚ್ಚಿದೆವು. ಮುಲಾಮು ಬೇಡ ಎನ್ನುವವನು ನಾನಲ್ಲ. ಆದರೆ ಗೂಡು ಹಾಗೇ ಇಟ್ಟು ಟ್ಯೂಬಿನ ಮೇಲೆ ಟ್ಯೂಬು ತರುವುದು ದುಡ್ಡು ದಂಡ.

ಇನ್ನೊಂದು ಮಾತು. ಕಣ್ಣು ಅಂಟುವುದರ ಜೊತೆಗೆ ಜ್ವರ, ಮೇವು ಬಿಡುವುದು, ಒಂದರ ಮೇಲೊಂದು ಬಿದ್ದು ಮಲಗುವುದು, ಕಿವಿ ನೇರಳೆಗಟ್ಟುವುದು ಕಂಡರೆ ಅದು ಹಂದಿಜ್ವರ ಇರಬಹುದು. ಅದು ವೈರಸ್. ಮುಲಾಮು ಸವರುತ್ತ ಕೂತರೆ ಗೂಡೇ ಖಾಲಿಯಾದೀತು. ಲಸಿಕೆ ಇದೆ, ಆದರೆ ಮೊದಲೇ ಹಾಕಿಸಿರಬೇಕು. ನಮ್ಮಲ್ಲಿ ಕೆಲವರು ಇಂಥ ಹೊತ್ತಲ್ಲಿ ಸಿಕ್ಕ ರೇಟಿಗೆ ಮಾರಿ ಕೈತೊಳೆದುಕೊಳ್ಳುತ್ತಾರೆ. ನನಗಿದು ಒಪ್ಪಿಗೆಯಿಲ್ಲ. ಕೊಂಡವನೂ ನಮ್ಮಂಥವನೇ, ಅವನ ಗೂಡಲ್ಲೂ ಮರಿಗಳಿರುತ್ತವೆ.

ಈ ಸಲ ಗಾಳಿ ಬರುವ ಬದಿಗೆ ಮಾತ್ರ ಟರ್ಪಾಲು ಕಟ್ಟಿ, ಮಾಡಿನ ಕೆಳಗೆ ಒಂದಡಿ ಬಿಟ್ಟಿದ್ದೇನೆ. ದಿನಕ್ಕೆರಡು ಬಾರಿ ತೊಳೆದು ನೀರು ಇಳಿಸುತ್ತೇವೆ. ಕಣ್ಣು ಹೋದ ಹೆಣ್ಣುಮರಿ ಈಗ ಬೆಳೆದಿದೆ. ಆ ಬದಿಯಿಂದ ಹತ್ತಿರ ಹೋದರೆ ಬೆಚ್ಚುತ್ತದೆ. ದೂರದಿಂದಲೇ ಸದ್ದು ಮಾಡಿಕೊಂಡು ಹೋಗುತ್ತೇನೆ.